ಸೂರು ಇಳಿಸಿದ ಮೇಲೆ

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ರೀವೋ ಎಂಬ ಪಾಳುಮಠದ ಚರ್ಚಿನ ನಟ್ಟನಡುವೆ ನಿಂತು ನಾನು ಪೂರ್ತಿ ಹತ್ತು ನಿಮಿಷ ನೆನೆದೆ. ಛತ್ರಿ ಕಾರಿನಲ್ಲಿಯೇ ಉಳಿದಿತ್ತು. ಮಳೆ ಬಲವಾದಾಗ ಕಾಲು ತಾನಾಗಿಯೇ ದೊಡ್ಡ ಗೋಡೆಯ ಕಡೆಗೆ ಓಡಿತು. ಮೂರು ಅಂತಸ್ತಿನ ಕಮಾನುಗಳನ್ನು ಹೊತ್ತು ನಿಂತಿರುವ ಆ ಗೋಡೆಯ ಬುಡಕ್ಕೆ ಬೆನ್ನು ಹಚ್ಚಿ ನಿಂತರೂ ಮಳೆ ತಪ್ಪಲಿಲ್ಲ. ಒಂದು ಕಮಾನಿನ ಅಡಿಗೆ ಸರಿದೆ. ಗಾಳಿ ಎರಡೂ ಕಡೆಯಿಂದ ಇರಚಲು ತಂದಿತು. ಅಲ್ಲಿಂದ ಊಟದ ಸಾಲೆಯತ್ತ ಹೋದೆ. ಅದರ ಗೋಡೆಗಳು ಇನ್ನೂ ಎತ್ತರಕ್ಕೆ, ನೆಟ್ಟಗೆ ನಿಂತಿವೆ, ಕಿಟಕಿಗಳ ಚೂಪುಕಮಾನುಗಳು ಮೊನ್ನೆ ಕಡೆದಂತಿವೆ, ಆದರೆ ಮೇಲೆ ನೋಡಿದರೆ ಬೂದುಬಣ್ಣದ ಆಕಾಶವೇ. ಒಂದು ಕಾಲಕ್ಕೆ 140 ಸನ್ಯಾಸಿಗಳು ಮತ್ತು ಮಠದ ಮೈಗೆಲಸಕ್ಕೆ ಮುಡಿಪಾದ 500 ಮಂದಿ ದುಡಿಮೆಯ ಸೋದರರು ಇದ್ದರೆಂದು ಹೇಳುವ ಇಷ್ಟು ದೊಡ್ಡ ಕಟ್ಟಡಸಮೂಹದಲ್ಲಿ ಒಬ್ಬರು ನೆನೆಯದೆ ನಿಲ್ಲುವಷ್ಟು ಜಾಗ ನನಗೆ ಸಿಗಲಿಲ್ಲ. ಅಕ್ಕ ದೂರದಲ್ಲಿ, ಟಿಕೆಟ್ ಕೊಡುವ ಪುಟ್ಟ ಕಟ್ಟಡದ ಬಾಗಿಲಲ್ಲಿ ನಿಂತು ಕೈ ಬೀಸಿ ಕರೆಯುತ್ತಿದ್ದಳು. ಇಡೀ ಕಣಿವೆಯಲ್ಲಿ ಮಾಡು ಇದ್ದದ್ದು ಆ ಹೊಸ ಕಟ್ಟಡಕ್ಕೆ ಮತ್ತು ಆಚೆಗಿನ ನಾಲ್ಕಾರು ಮನೆಗಳಿಗೆ ಮಾತ್ರ.

ಪ್ರವಾಸ ಮುಗಿಸಿ ಬಂದು ಎಂಟು ತಿಂಗಳಾಯಿತು. ನೋಡಿದ ಕೋಟೆಗಳ ಹೆಸರುಗಳು ಒಂದಕ್ಕೊಂದು ಬೆರೆತುಹೋಗಿವೆ, ಆದರೆ ಆ ಹತ್ತು ನಿಮಿಷದ ಸೂರಿನ ಹುಡುಕಾಟ ಮಾತ್ರ ಬಿಡದೆ ಕಾಡುತ್ತಿದೆ. ಏಕೆ ಕಾಡುತ್ತಿದೆ ಎಂಬುದನ್ನು ನನಗಾಗಿಯೇ ತಿಳಿದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಯ ಮಳೆ

ತೀರ್ಥಹಳ್ಳಿಯ ಕಡೆಯಲ್ಲಿ ಹುಟ್ಟಿ ಬೆಳೆದವರಿಗೆ ಮಳೆಯ ಬಗ್ಗೆ ಒಂದು ಬಗೆಯ ಹಮ್ಮು ಇರುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದೆ, ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಿಸಿಕೊಂಡು ಶಾಲೆಗೆ ಹೋದವರು ನಾವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಯಾರ್ಕ್ ನಗರದ ಸುತ್ತ ಬೀಳುವುದು ಸುಮಾರು 600 ಮಿಲಿಮೀಟರು. ಹಾಗಾಗಿ ಸೆಪ್ಟೆಂಬರ್ ಕೊನೆಯ ವಾರ ಅಕ್ಕ ಮತ್ತು ಭಾವನ ಜೊತೆ ಲೀಡ್ಸ್‌ನಿಂದ ಹೊರಟಾಗ, ನಾಲ್ಕು ದಿನವೂ ಮಳೆಯೆಂದು ಮುನ್ಸೂಚನೆ ಇದ್ದರೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅದು ನನ್ನ ತಪ್ಪು ಲೆಕ್ಕವೆಂದು ಮೊದಲ ದಿನವೇ ತಿಳಿಯಿತು. ನಮ್ಮ ಮಳೆ ಸುರಿದು ಹರಿದುಹೋಗುತ್ತದೆ, ಅಲ್ಲಿಯದು ಬಂದು ಕೂತುಕೊಳ್ಳುತ್ತದೆ. ಹನಿ ಎನ್ನಲಾಗದಷ್ಟು ಸಣ್ಣದಾದ ಸೋನೆ ಕಲ್ಲಿನ ಸಂದಿಗೆ, ಉಣ್ಣೆಯ ಎಳೆಗೆ, ಕಾರಿನ ಬಾಗಿಲ ರಬ್ಬರಿಗೆ ಅಂಟಿಕೊಂಡು ಗಂಟೆಗಟ್ಟಲೆ ಹಾಗೇ ಇರುತ್ತದೆ. ಥರ್ಸ್ಕ್ ದಾಟಿದ ಮೇಲೆ ಸಟನ್ ಬ್ಯಾಂಕ್ ಎಂಬ ಏರು ಬರುತ್ತದೆ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದಾದ ರಸ್ತೆಯಾದ್ದರಿಂದ ಕ್ಯಾರವಾನ್ ಎಳೆಯುವ ಗಾಡಿಗಳನ್ನು ಅಲ್ಲಿ ಬಿಡುವುದಿಲ್ಲ. ಭಾವ ಎರಡನೆಯ ಗೇರಿನಲ್ಲಿ ಮೆಲ್ಲಗೆ ಹತ್ತಿಸುವಾಗ ಕೆಳಗಿನ ಬಯಲು ಮೋಡದಲ್ಲಿ ಕರಗಿಹೋಯಿತು. ಮೇಲೆ ಬಂದರೆ ಕುರಿಗಳು, ಬೆನ್ನಿನ ಮೇಲೆ ನೀಲಿ ಕೆಂಪು ಗುರುತುಗಳನ್ನು ಹೊತ್ತು, ಮಳೆಗೆ ಬೆನ್ನು ಕೊಟ್ಟು ಒಂದೇ ದಿಕ್ಕಿಗೆ ನಿಂತಿದ್ದವು. ಹೊಲಗಳ ನಡುವೆ ಗಾರೆಯಿಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗಿಡ್ಡ ಗೋಡೆಗಳು ಗುಡ್ಡ ಹತ್ತಿ ಇಳಿಯುತ್ತವೆ. ಆ ಗೋಡೆಗಳಿಗೆ ನೀರಿನ ಭಯವಿಲ್ಲ; ನೀರು ಸಂದಿಯಿಂದ ತೂರಿ ಆಚೆಗೆ ಇಳಿದುಬಿಡುತ್ತದೆ. ಸುಣ್ಣದ ಗಾರೆ ಹಾಕಿ ಎತ್ತರಕ್ಕೆ ಕಟ್ಟಿದ ಗೋಡೆಯ ಮಾತು ಬೇರೆ. ನೆತ್ತಿಯಿಂದ ಒಳಗಿಳಿದ ನೀರು ಅಲ್ಲಿಯೇ ಉಳಿದು, ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ, ಕಲ್ಲುಗಳನ್ನು ಕೂದಲೆಳೆಯಷ್ಟು ದೂರ ತಳ್ಳಿ, ಬೇಸಿಗೆಯಲ್ಲಿ ಕರಗುತ್ತದೆ. ಮರುವರ್ಷ ಆ ಸಂದಿಗೆ ಇನ್ನೂ ಸ್ವಲ್ಪ ಹೆಚ್ಚು ನೀರು ಹೋಗುತ್ತದೆ.

ನಮ್ಮ ಕಡೆ ‘ಅಬ್ಬಿ’ ಎಂದರೆ ಧುಮುಕುವ ನೀರು. ಇಂಗ್ಲಿಷಿನಲ್ಲಿ ಈ ಮಠಗಳನ್ನು ಕರೆಯುವ ‘ಆ್ಯಬಿ’ ಎಂಬ ಹೆಸರೂ ಕಿವಿಗೆ ಹೆಚ್ಚುಕಡಿಮೆ ಹಾಗೆಯೇ ಕೇಳುತ್ತದೆ. ಎರಡು ಪದಗಳಿಗೂ ಏನೂ ಸಂಬಂಧವಿಲ್ಲ. ಆದರೂ ರೀವೋದಲ್ಲಿ ಕಂಬದ ತುದಿಯಿಂದ ತೊಟ್ಟಿಕ್ಕುತ್ತಿದ್ದ ನೀರು ಕೆಳಗಿನ ಕಲ್ಲಿನಲ್ಲಿ ಬೊಗಸೆಯಷ್ಟು ಆಳದ ಗುಳಿ ಮಾಡಿಕೊಂಡಿದ್ದನ್ನು ಕಂಡು, ಅದಕ್ಕೆ ಕೈಯೊಡ್ಡಿ ನಿಂತಾಗ ನನಗೆ ನೆನಪಾದದ್ದು ನಮ್ಮ ಭಾಷೆಯ ಪದವೇ.

ಸೀಸ

ನಾನು ಬಹಳ ಕಾಲ ನಂಬಿದ್ದು ಇಷ್ಟು: ಹಳೆಯ ಕಟ್ಟಡಗಳು ಹಳೆಯದಾಗುತ್ತ ಆಗುತ್ತ ತಾವಾಗಿಯೇ ಪಾಳು ಬೀಳುತ್ತವೆ. ರೀವೋ ಹಾಗೆ ಪಾಳು ಬಿದ್ದದ್ದಲ್ಲ. 1132ರಲ್ಲಿ ಫ್ರಾನ್ಸಿನ ಕ್ಲೇರ್‌ವೋದಿಂದ ಬಂದ ಸಿಸ್ಟರ್ಸಿಯನ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು ರೈ ನದಿಯ ಈ ಇಕ್ಕಟ್ಟು ಕಣಿವೆಯಲ್ಲಿ ನೆಲೆ ನಿಂತರು. ಜಾಗ ಎಷ್ಟು ಇಕ್ಕಟ್ಟೆಂದರೆ ಪೂರ್ವ-ಪಶ್ಚಿಮವಾಗಿ ಇರಬೇಕಾದ ಚರ್ಚನ್ನು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ತಿರುಗಿಸಿ ಕಟ್ಟಿದರು. ಬಣ್ಣ ಹಾಕದ ಬಿಳಿಯ ಉಣ್ಣೆಯನ್ನು ಉಟ್ಟರು, ಕುರಿ ಸಾಕಿದರು, ಇಟಲಿಯ ವರ್ತಕರಿಗೆ ಉಣ್ಣೆ ಮಾರಿದರು. ನಾಲ್ಕು ಶತಮಾನಗಳಲ್ಲಿ ಏರಿಳಿತ ಕಂಡರೂ 1538ರಲ್ಲಿ ಆ ಕಟ್ಟಡದಲ್ಲಿ ದೀಪ ಹಚ್ಚುವವರಿದ್ದರು, ಪ್ರಾರ್ಥನೆ ನಡೆಯುತ್ತಿತ್ತು, ಮಾಡು ಭದ್ರವಾಗಿತ್ತು. ಉಳಿದಿದ್ದ ಇಪ್ಪತ್ತಕ್ಕೆ ಸ್ವಲ್ಪ ಮೇಲ್ಪಟ್ಟ ಸನ್ಯಾಸಿಗಳು ಆ ವರ್ಷದ ಡಿಸೆಂಬರಿನಲ್ಲಿ ಮಠವನ್ನು ಎಂಟನೆಯ ಹೆನ್ರಿಯ ಅಧಿಕಾರಿಗಳಿಗೆ ಬಿಟ್ಟುಕೊಟ್ಟು ಹೊರನಡೆದರು.

ಆ ರಾಜ ರೋಮಿನ ಪೋಪನೊಡನೆ ಸಂಬಂಧ ಕಡಿದುಕೊಂಡದ್ದು ಶಾಲೆಯ ಪಾಠದಲ್ಲಿಯೇ ಬಂದಿದೆ. 1536ರಿಂದ 1540ರ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 800 ಮಠಗಳು ಮುಚ್ಚಿದವು. ನನಗೆ ಗೊತ್ತಿಲ್ಲದಿದ್ದದ್ದು ಮುಚ್ಚಿದ ಬಗೆ. ಫಿರಂಗಿ ಇಟ್ಟು ಉರುಳಿಸಲಿಲ್ಲ, ಬೆಂಕಿ ಹಚ್ಚಲಿಲ್ಲ. ಲೆಕ್ಕಪತ್ರ ಹಿಡಿದು ಬಂದವರು ಮೊದಲು ಮಾಡಿನ ಮೇಲಿನ ಸೀಸವನ್ನು ಸುಲಿದರು. ಸೀಸಕ್ಕೆ ಬೆಲೆಯಿತ್ತು, ಅದು ರಾಜನಿಗೆ ಸೇರಬೇಕಾದ ಸ್ವತ್ತು. ಜೊತೆಗೆ, ಸೂರು ಹೋದ ಕಟ್ಟಡಕ್ಕೆ ಸನ್ಯಾಸಿಗಳು ಹಿಂದಿರುಗಿ ಬರಲಾರರು. ಬಿಚ್ಚಿದ ಮರಮುಟ್ಟನ್ನೇ ಉರಿಸಿ ಸೀಸ ಕರಗಿಸಿ, ಗಟ್ಟಿ ಎರಕ ಹೊಯ್ದು ಮುದ್ರೆ ಒತ್ತಿದರು. ರೀವೋವನ್ನು ಪಡೆದುಕೊಂಡ ರಟ್ಲೆಂಡ್ ಅರ್ಲ್ ಎಂಬ ಪದವಿಯ ಥಾಮಸ್ ಮ್ಯಾನರ್ಸ್‌ನ ಕಾಲದ ಕಾಗದಗಳಲ್ಲಿ ಕಿಟಕಿಯ ಗಾಜನ್ನು ಕೂಡ ಮೂರು ದರ್ಜೆಯಾಗಿ ವಿಂಗಡಿಸುವ ಮಾತಿದೆ: ಚೆನ್ನಾಗಿರುವುದನ್ನು ಇಟ್ಟುಕೊಳ್ಳುವುದು, ಎರಡನೆಯದನ್ನು ಮಾರುವುದು, ಮೂರನೆಯದನ್ನು ಒಡೆದು ಅದರ ಸೀಸದ ಪಟ್ಟಿಯನ್ನು ಬಿಡಿಸಿಕೊಳ್ಳುವುದು. ಉಳಿದ ಕೆಲಸವನ್ನು ಮಳೆಗೆ ಬಿಟ್ಟರು.

ಅಲ್ಲಿಯ ಪುಟ್ಟ ಸಂಗ್ರಹಾಲಯದಲ್ಲಿ ಅಂಥ ಸೀಸದ ಗಟ್ಟಿಯೊಂದಿದೆ. ರಾಜಮುದ್ರೆ ಬಿದ್ದ ಕೆಲವು ಗಟ್ಟಿಗಳನ್ನು ಸಾಗಿಸುವ ಮೊದಲೇ ಚರ್ಚಿನ ಪಶ್ಚಿಮದ ಭಾಗ ಅವುಗಳ ಮೇಲೆ ಕುಸಿದಿತ್ತು. 1920ರ ದಶಕದಲ್ಲಿ ಕಲ್ಲುರಾಶಿ ತೆರವು ಮಾಡುವಾಗ ಅವು ಸಿಕ್ಕವು. ಆ ಸೀಸವನ್ನು ಯಾರ್ಕ್ ಮಿನ್‌ಸ್ಟರ್ ಎಂಬ ದೊಡ್ಡ ಚರ್ಚಿನ ‘ಫೈವ್ ಸಿಸ್ಟರ್ಸ್’ ಎಂಬ ಹಳೆಯ ಕಿಟಕಿಯ ಗಾಜನ್ನು ಮತ್ತೆ ಜೋಡಿಸಲು ಬಳಸಿದರು ಎಂದು ತಿಳಿದಾಗ ನನಗೆ ಹೇಳಲಾಗದ ಸಮಾಧಾನವಾಯಿತು. ಒಂದು ಚರ್ಚಿನ ಮಳೆಯನ್ನು ತಡೆದಿದ್ದ ಲೋಹ ಮುನ್ನೂರೆಂಬತ್ತು ವರ್ಷ ಮಣ್ಣಿನಡಿ ಮಲಗಿದ್ದು, ಇನ್ನೊಂದು ಚರ್ಚಿನ ಮಳೆ ತಡೆಯಲು ಹೋಯಿತು. ಗಾಜಿನ ಪೆಟ್ಟಿಗೆಯ ಆಚೆ ಮಂಕಾಗಿ ಮಲಗಿದ್ದ ಆ ಬೂದುಬಣ್ಣದ ಗಟ್ಟಿಯನ್ನು ನೋಡುತ್ತಿದ್ದಂತೆ ಅಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ಹೆಂಚು ಇಳಿಸಿದ್ದು ನೆನಪಿದ್ಯಾ?”

ಹೆಂಚು ಇಳಿಸಿದ ದಿನ

ಅಜ್ಜ ತೀರಿಕೊಂಡದ್ದು 2009ರಲ್ಲಿ. ಅಜ್ಜಿಯನ್ನು ಚಿಕ್ಕಪ್ಪ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಮನೆಗೆ ಬೀಗ ಬಿತ್ತು. ಮಲೆನಾಡಿನಲ್ಲಿ ಬೀಗ ಹಾಕಿದ ಮನೆ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಯಾರಾದರೂ ಮಾಡು ಹತ್ತಿ ಒಡೆದ ಹೆಂಚು ತೆಗೆದು ಹೊಸದು ಹೊದಿಸಬೇಕು, ಜಾರಿದ್ದನ್ನು ಸರಿಸಿ ಕೂರಿಸಬೇಕು, ಕೋಳಿನ, ಅಂದರೆ ಮಾಡಿನ ನೆತ್ತಿಯ, ಗಾರೆ ನೋಡಬೇಕು. ಒಲೆಯ ಹೊಗೆ ಆಡದಿದ್ದರೆ ಹೆಂಚು ಹೊತ್ತ ಪಕಾಸುಗಳಿಗೆ ಹುಳ ಹಿಡಿಯುತ್ತದೆ. ಮೂರು ವರ್ಷ ಹೇಗೋ ಮಾಡಿಸಿದೆವು. ನಾಲ್ಕನೆಯ ವರ್ಷ ಮನೆಮಂದಿಯೆಲ್ಲ ಕೂತು, ಮರಮುಟ್ಟು ಹಾಳಾಗುವ ಮೊದಲು ಮಾರಿಬಿಡುವುದೇ ಸರಿ ಎಂದು ತೀರ್ಮಾನಿಸಿದರು. ನಾನೂ ಅಲ್ಲಿದ್ದೆ. ಬೇಡವೆಂದು ನಾನು ಹೇಳಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಾಲ್ಕು ಮಂದಿ ಆಳುಗಳು ಮಾಡು ಹತ್ತಿದರು. ಕೋಳಿನಿಂದ ಶುರುಮಾಡಿ ಒಂದೊಂದೇ ಹೆಂಚನ್ನು ಕೈಯಿಂದ ಕೈಗೆ ದಾಟಿಸಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸತೊಡಗಿದರು. ಮಂಗಳೂರು ಹೆಂಚಿನ ಮೇಲ್ಮೈ ಪಾಚಿ ಹಿಡಿದು ಕಪ್ಪಾಗಿತ್ತು; ಒಳಮೈಯಲ್ಲಿ ಕಾರ್ಖಾನೆಯ ಅಚ್ಚು ಇನ್ನೂ ಸ್ಪಷ್ಟವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ದೇವರಕೋಣೆಯ ಮೇಲಿನ ಭಾಗ ತೆರೆಯಿತು. ಹಗಲಿನಲ್ಲಿಯೂ ದೀಪವಿಲ್ಲದೆ ಏನೂ ಕಾಣದಿದ್ದ ಆ ಕೋಣೆಯ ನೆಲದ ಮೇಲೆ ಚೌಕಾಕಾರದ ಬಿಸಿಲು ಬಿತ್ತು. ಗೋಡೆಯ ಮೇಲೆ ಅಜ್ಜಿ ವರ್ಷವರ್ಷವೂ ಕೆಮ್ಮಣ್ಣು ಬಳಿದು ಬರೆದ ಶೇಡಿಯ (ಬಿಳಿಮಣ್ಣಿನ) ಗೆರೆಗಳು, ಒಂದರ ಮೇಲೊಂದು ಬಿದ್ದ ಎಷ್ಟೋ ಹಬ್ಬಗಳ ಗೆರೆಗಳು, ಅಂದು ಮೊದಲ ಸಲ ನನಗೆ ಬಿಡಿಬಿಡಿಯಾಗಿ ಕಂಡವು. ಆ ಬೆಳಕು ಚೆನ್ನಾಗಿತ್ತು ಎಂದು ಹೇಳಲು ಇಂದಿಗೂ ಮನಸ್ಸು ಅಳುಕುತ್ತದೆ, ಆದರೆ ಚೆನ್ನಾಗಿತ್ತು.

ಆ ಜೂನ್‌ನಲ್ಲಿ ಸುಣ್ಣ ತೊಳೆದುಹೋಯಿತು. ಮರುವರ್ಷ ಜಗಲಿಯ ಗೋಡೆ ಒಳಕ್ಕೆ ವಾಲಿತು. ಮೂರನೆಯ ಮಳೆಗಾಲ ಮುಗಿದ ಮೇಲೆ ಹೋದರೆ ಸೊಂಟದೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಜರಿಗಿಡ. ನೂರು ವರ್ಷಕ್ಕೂ ಹಳೆಯದಾದ ಮನೆ ಮೂರು ಮಳೆಗೆ ಕರಗಿತು. ರೀವೋದ ಕಲ್ಲು ಐದು ಶತಮಾನ ತಾಳಿದೆ, ನಮ್ಮ ಮಣ್ಣು ಮೂರು ವರ್ಷ. ಎರಡೂ ಕಡೆ ಶುರುವಾದದ್ದು ಒಂದೇ ಕೆಲಸದಿಂದ.

ಒಬ್ಬ ತಂದೆಯ ಉತ್ತರ

ನಾವು ಹೋಗದ ಇನ್ನೊಂದು ಮಠ ದಕ್ಷಿಣ ಯಾರ್ಕ್‌ಷೈರಿನ ರೋಷ್. ಅದು ಮುಚ್ಚಿದ ಕೆಲವು ದಶಕಗಳ ನಂತರ, ಹತ್ತಿರದ ವಿಕರ್ಸ್ಲಿಯ ಪಾದ್ರಿ ಮೈಕಲ್ ಶೆರ್‌ಬ್ರೂಕ್ ಎಂಬಾತ ಅಂದು ನಡೆದದ್ದನ್ನು, ಕಂಡವರಿಂದ ಕೇಳಿ ಬರೆದಿಟ್ಟಿದ್ದಾನೆ. ಸನ್ಯಾಸಿಗಳ ಪೀಠಗಳನ್ನೇ ಸುಟ್ಟು ಸೀಸ ಕರಗಿಸಿದ್ದು, ಸುತ್ತಲ ಹಳ್ಳಿಯ ಜನ ಗೋಡೆಯ ಕಬ್ಬಿಣದ ಕೊಂಡಿಗಳನ್ನೂ ಬಿಡದೆ ಕಿತ್ತದ್ದು, ಪೂಜೆಯ ಪುಸ್ತಕಗಳ ಹಾಳೆಗಳನ್ನು ಗಾಡಿಯ ಮುಚ್ಚಿಗೆಗೆ ತೇಪೆ ಹಾಕಲು ಒಯ್ದದ್ದು, ಎಲ್ಲವೂ ಅದರಲ್ಲಿದೆ. ಅವನ ಸ್ವಂತ ತಂದೆಯೇ ಚರ್ಚಿನ ಮರಮುಟ್ಟನ್ನೂ ಗಂಟೆ ತೂಗುಹಾಕಿದ್ದ ಚೌಕಟ್ಟನ್ನೂ ಕೊಂಡವರಲ್ಲಿ ಒಬ್ಬ. ಸುಮಾರು ಮೂವತ್ತು ವರ್ಷದ ಮೇಲೆ ಮಗ ಕೇಳುತ್ತಾನೆ: ಆ ಸನ್ಯಾಸಿಗಳ ಬಗ್ಗೆ ನಿನಗೆ ಒಳ್ಳೆಯ ಭಾವನೆ ಇತ್ತೇ? ಇತ್ತು, ಬೇರೆ ರೀತಿ ಯೋಚಿಸಲು ಕಾರಣವೇ ಇರಲಿಲ್ಲ ಎನ್ನುತ್ತಾನೆ ತಂದೆ. ಹಾಗಾದರೆ ಒಳ್ಳೆಯದೆಂದುಕೊಂಡಿದ್ದನ್ನೇ ಕೆಡವಲು ಹೇಗೆ ಮುಂದಾದೆ ಎಂದು ಮಗ ಬಿಡದೆ ಕೇಳಿದಾಗ ಬಂದ ಉತ್ತರದ ತಾತ್ಪರ್ಯ ಇದು: ಎಲ್ಲವೂ ಹೋಗುವುದೇ ಎಂದು ನನಗೆ ಕಾಣುತ್ತಿತ್ತು, ಎಲ್ಲರಂತೆ ನನಗೂ ಒಂದಿಷ್ಟು ಸಿಗಬಾರದೇ, ಹಾಗಾಗಿ ಉಳಿದವರು ಮಾಡಿದಂತೆ ನಾನೂ ಮಾಡಿದೆ.

ಈ ಮಾತನ್ನು ಹೆಲ್ಮ್ಸ್ಲಿಯ ವಸತಿಗೃಹದಲ್ಲಿ, ರಾತ್ರಿ ಕಿಟಕಿಗೆ ಮಳೆ ತಟ್ಟುತ್ತಿರುವಾಗ ಓದಿದೆ. ಅದರ ಬಳಿಕ ನಿದ್ದೆ ಬರಲಿಲ್ಲ. ನನ್ನ ಬೆಂಗಳೂರಿನ ಮನೆಯಲ್ಲಿ ಊಟದ ಮೇಜಿದೆ. ಅದು ಅಜ್ಜನ ಮನೆಯ ಹೆಬ್ಬಾಗಿಲು. ಹೆಂಚು ಇಳಿಸಿದ ದಿನ ದೊಡ್ಡಪ್ಪ “ಬಾಗಿಲು ನೀನೇ ತಗೊಂಡ್ಹೋಗು, ಯಾರೋ ಕೊಳ್ಳುವವರಿಗೆ ಹೋಗೋದಕ್ಕಿಂತ ಮೇಲು” ಎಂದಿದ್ದರು. ಹಿತ್ತಾಳೆಯ ಹೂಗಳನ್ನು ಉಳಿಸಿಕೊಂಡು, ಮೇಲೆ ಗಾಜು ಹಾಕಿಸಿ, ಬಂದವರಿಗೆಲ್ಲ ಪ್ರೀತಿಯಿಂದ ತೋರಿಸಿದ್ದೇನೆ. ಆ ಬಾಗಿಲನ್ನು ಉಳಿಸಿದೆ ಎಂದೇ ಇಷ್ಟು ದಿನ ಭಾವಿಸಿದ್ದೆ. ಬಾಗಿಲು ಕಿತ್ತ ಗೋಡೆಯ ಬಾಯಿಯಿಂದಲೇ ಜಗಲಿಗೆ ಮಳೆ ನುಗ್ಗಿತು ಎಂಬುದು ಅಂದಿನ ರಾತ್ರಿಯವರೆಗೆ ನನಗೆ ಹೊಳೆದಿರಲಿಲ್ಲ. ಆ ತಂದೆ ಕೆಟ್ಟವನಲ್ಲ. ಮಗನೆದುರು ಸುಳ್ಳು ಹೇಳಲಿಲ್ಲ ಎಂಬುದಕ್ಕೆ ಅವನ ಮೇಲೆ ನನಗೆ ಗೌರವವಿದೆ.

ಹುಲ್ಲುಹಾಸು

ಮರುದಿನ ಇನ್ನೊಂದು ಪಾಳುಮಠವಾದ ಬೈಲೆಂಡ್‌ಗೆ ಹೋದೆವು. ಅಲ್ಲಿ ಉಳಿದಿರುವುದು ಮುರಿದ ಅರ್ಧ ವೃತ್ತದ ದೊಡ್ಡ ಕಿಟಕಿ ಮತ್ತು ನೆಲ. ಹಸಿರು, ಹಳದಿ ಮೆರುಗಿನ ಸಣ್ಣ ಸಣ್ಣ ಬಿಲ್ಲೆಗಳನ್ನು ಚಕ್ರ, ಚೌಕ, ತ್ರಿಕೋನವಾಗಿ ಜೋಡಿಸಿದ ಆ ನೆಲ ಒಣಗಿದ್ದರೆ ಮಂಕಾಗಿ ಕಾಣುತ್ತಿತ್ತೇನೋ. ಮಳೆ ಬಿದ್ದು ಒದ್ದೆಯಾದ್ದರಿಂದ ಬಣ್ಣ ಎದ್ದು ಬಂದಿತ್ತು. ಬಗ್ಗಿ ನೋಡಿದರೆ ಮೆರುಗಿನಲ್ಲಿ ಉಗುರಿನ ಅಂಚಿನಷ್ಟು ಸಣ್ಣ ಸಣ್ಣ ಬಿರುಕುಗಳು, ಅವುಗಳಲ್ಲಿ ನೀರು. ಸೂರಿನ ಕೆಳಗೆ ಇರಬೇಕಾದ ನೆಲವಿದು ಎಂಬ ಅರಿವು ಒಳಗೊಳಗೇ ಚುಚ್ಚುತ್ತಿದ್ದರೂ ಕಣ್ಣು ಕೀಳಲಾಗಲಿಲ್ಲ. ವಿಟ್ಬಿಯಲ್ಲಿ 199 ಮೆಟ್ಟಿಲು ಹತ್ತಿ ಮೇಲಿನ ಮಠಕ್ಕೆ ಹೋದಾಗ ಸಮುದ್ರದ ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಕಾಲು ಗಂಟೆಗಿಂತ ಹೆಚ್ಚು ನಿಲ್ಲಲಾಗದೆ ಇಳಿದು ಬಂದೆವು.

ಈ ಎಲ್ಲ ಜಾಗಗಳಲ್ಲಿಯೂ ಗಮನಕ್ಕೆ ಬಂದ ಒಂದು ಸಂಗತಿ ಹುಲ್ಲು. ಕತ್ತರಿಸಿ ಹಾಸಿದ ಹಸಿರು ಗೋಡೆಯ ಬುಡಕ್ಕೆ ಬಂದು ಮುಟ್ಟುತ್ತದೆ, ಒಂದು ಕಲ್ಲೂ ಅಡ್ಡಾದಿಡ್ಡಿಯಾಗಿ ಬಿದ್ದಿರುವುದಿಲ್ಲ. ಹಂಪಿಯ ಕಮಲ ಮಹಲಿನ ಸುತ್ತ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಹೀಗೆ ಕಾಣುವುದಕ್ಕೆ ಕಾರಣವೂ ಇದೆ. ವೈಸ್‌ರಾಯ್ ಆಗಿದ್ದ ಕರ್ಜನ್ ನಮ್ಮ ಪುರಾತತ್ವ ಇಲಾಖೆಗೆ ಮತ್ತೆ ಜೀವ ಕೊಟ್ಟು, 1904ರಲ್ಲಿ ಪುರಾತನ ಸ್ಮಾರಕಗಳ ರಕ್ಷಣೆಯ ಕಾಯಿದೆ ತಂದ. ಊರಿಗೆ ಹಿಂದಿರುಗಿದ ಮೇಲೆ, 1911ರಲ್ಲಿ, ಲಿಂಕನ್‌ಷೈರಿನ ಟ್ಯಾಟರ್ಶಲ್ ಕೋಟೆಯ ಕಲ್ಲಿನ ಅಗ್ಗಿಷ್ಟಿಕೆಗಳನ್ನು ಕಿತ್ತು ಮಾರಿದ್ದನ್ನು ಕಂಡು ಕೋಟೆಯನ್ನೇ ಕೊಂಡು ಅವನ್ನು ವಾಪಸು ತರಿಸಿದ. 1913ರಲ್ಲಿ ಬ್ರಿಟನ್ನಿನಲ್ಲಿ ಬಂದ ಬಲವಾದ ಸ್ಮಾರಕ ಕಾಯಿದೆಯ ಹಿಂದೆ ಅವನ ಒತ್ತಾಯವಿತ್ತು. ಆಮೇಲೆ ಚಾರ್ಲ್ಸ್ ಪಿಯರ್ಸ್ ಎಂಬ ಮುಖ್ಯ ಪರಿವೀಕ್ಷಕನ ಕಾಲದಲ್ಲಿ, 1917ರಲ್ಲಿ ಸರ್ಕಾರದ ಸುಪರ್ದಿಗೆ ಬಂದ ರೀವೋದಂಥ ಕಡೆಗಳಲ್ಲಿ ಮಹಾಯುದ್ಧದಿಂದ ಮರಳಿದ ಸೈನಿಕರು ಕಲ್ಲುರಾಶಿ ತೆರವು ಮಾಡಿದರು, ಗೋಡೆಗಳಿಗೆ ಒಳಗಿಂದ ಬಲ ಕೊಟ್ಟರು, ಹುಲ್ಲು ಹಾಸಿದರು. ಮತ್ತೆ ಮಾಡು ಕಟ್ಟಲಿಲ್ಲ. ಇದ್ದುದನ್ನು ಇದ್ದಂತೆ ಹಿಡಿದು ನಿಲ್ಲಿಸುವುದು ಅವರ ನಿಯಮವಾಗಿತ್ತು. ಇಂದಿಗೂ ಅದೇ ನಡೆಯುತ್ತಿದೆ. ಕೆಲವು ಕಡೆ ಗೋಡೆಯ ನೆತ್ತಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸುತ್ತಾರೆ. ಆ ಮೆತ್ತನೆಯ ಟೋಪಿ ಮಳೆಯನ್ನು ಹೀರಿ, ಹಿಮದ ಏಟನ್ನು ತಗ್ಗಿಸುತ್ತದೆ. ಸೂರಿನ ಬದಲಿಗೆ ಅಷ್ಟಾದರೂ ಇದೆಯಲ್ಲ ಎಂದು ಮನಸ್ಸಿಗೆ ಹಾಯೆನಿಸಿತು.

ಆದರೂ ಈ ಅಚ್ಚುಕಟ್ಟು ನನ್ನನ್ನು ತೃಪ್ತಿಪಡಿಸುವುದಿಲ್ಲ. ರೀವೋದ ಮೇಲಿನ ಗುಡ್ಡದಲ್ಲಿ 1750ರ ದಶಕದ ಕೊನೆಯ ಹೊತ್ತಿಗೆ ಒಬ್ಬ ಜಮೀನ್ದಾರ ಉದ್ದನೆಯ ವಿಹಾರದ ಜಗತಿ ಮಾಡಿಸಿ, ಮರಗಳ ನಡುವೆ ಕಿಂಡಿ ಬಿಡಿಸಿ, ಕೆಳಗಿನ ಪಾಳುಮಠ ಬೇರೆ ಬೇರೆ ಕೋನದಿಂದ ಕಾಣುವಂತೆ ಮಾಡಿದ. ಅಂದಿನಿಂದ ಈ ಗೋಡೆಗಳು ನೋಟಕ್ಕೆ ಇಟ್ಟ ವಸ್ತುಗಳಾದವು. ಹುಲ್ಲಿನ ಮೇಲೆ ನಡೆಯುವಾಗ ‘ಎಷ್ಟು ಶಾಂತವಾಗಿದೆ’ ಎಂದು ಬಾಯಿಗೆ ಬರುತ್ತದೆ. ಅಲ್ಲಿಂದ ಹೊರಗೆ ಹೋದವರ ಕಡೆಯ ಬೆಳಗು ಹೇಗಿತ್ತು ಎಂದು ಕೇಳಿಕೊಳ್ಳಲು ಆ ಹುಲ್ಲು ಎಡೆ ಕೊಡುವುದಿಲ್ಲ. ಸೂರು ಹುಡುಕಿ ಓಡಿದ ಆ ಹತ್ತು ನಿಮಿಷ ಮಾತ್ರ ನನಗೆ ಎಡೆ ಕೊಟ್ಟಿತು, ಮತ್ತು ಅದನ್ನು ಕೊಟ್ಟದ್ದು ಮಳೆ.

ಉಗ್ರಾಣದಲ್ಲಿ

ಕೊನೆಯ ದಿನ ಫೌಂಟನ್ಸ್ ಮಠ. 1132ರಲ್ಲಿಯೇ, ಯಾರ್ಕಿನ ಮಠದಲ್ಲಿ ಶಿಸ್ತು ಸಡಿಲವಾಯಿತೆಂದು ಹೊರಬಂದ 13 ಮಂದಿ ಸನ್ಯಾಸಿಗಳು ಸ್ಕೆಲ್ ನದಿಯ ದಂಡೆಯಲ್ಲಿ ಕಟ್ಟಿದ್ದು, 1539ರಲ್ಲಿ ಮುಚ್ಚಿದ್ದು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದೇ ವರ್ಷ ಇದೂ ಸೇರಿತು. ಚರ್ಚಿಗೆ ಇಲ್ಲಿಯೂ ಮಾಡಿಲ್ಲ, ಎತ್ತರದ ಗೋಪುರದ ಒಳಗೆ ಕತ್ತೆತ್ತಿದರೆ ಆಕಾಶ. ಆದರೆ ಪಶ್ಚಿಮದ ಉಗ್ರಾಣದ ಬಾಗಿಲಲ್ಲಿ ಕಾಲಿಟ್ಟಾಗ ಮಳೆಯ ಸದ್ದು ಒಮ್ಮೆಲೇ ಹೊರಗೇ ನಿಂತಿತು.

ತೊಂಬತ್ತು ಮೀಟರಿಗೂ ಉದ್ದದ ಆ ಸಾಲೆಯ ನಡುವೆ ಒಂದೇ ಸಾಲು ಕಂಬಗಳು. ಪ್ರತಿ ಕಂಬದಿಂದಲೂ ಕಲ್ಲಿನ ಪಕ್ಕೆಲುಬುಗಳು ಅಡಿಕೆ ಮರದ ಸೋಗೆಯಂತೆ ನಾಲ್ಕೂ ದಿಕ್ಕಿಗೆ ಬಾಗಿ ಚಾವಣಿಯಾಗಿವೆ. ದುಡಿಮೆಯ ಸೋದರರು ಊಟ ಮಾಡುತ್ತಿದ್ದದ್ದು, ಉಣ್ಣೆ ಮತ್ತು ಧಾನ್ಯ ತುಂಬಿಡುತ್ತಿದ್ದದ್ದು ಇಲ್ಲಿ. ಇದರ ಮೇಲಿನ ಅಂತಸ್ತಿನ ಮಾಡು ಹೋಗಿದೆ, ಈ ಕಲ್ಲಿನ ಚಾವಣಿ ಉಳಿದಿದೆ. ನೆಲ ಒಣಗಿತ್ತು. ಮಳೆ ತಪ್ಪಿಸಿಕೊಳ್ಳಲು ಬಂದವರೆಲ್ಲ ಅಲ್ಲಿ ಸೇರಿದ್ದರು. ಒಬ್ಬ ತಾಯಿ ಮಗುವಿನ ಕಾಲುಚೀಲ ಹಿಂಡುತ್ತಿದ್ದಳು, ಇಬ್ಬರು ಮುದುಕರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು, ಒಂದು ನಾಯಿ ಮೈ ಕೊಡವಿ ನೀರು ಹಾರಿಸಿತು. ಎಂಟು ಶತಮಾನದ ಹಿಂದೆ ಯಾರೋ ಕಡೆದಿಟ್ಟ ಕಲ್ಲು ಅಷ್ಟೂ ಜನರನ್ನು ನೆನೆಯದಂತೆ ಕಾಯುತ್ತಿತ್ತು.

ಅಕ್ಕ ಗೋಡೆಯ ಪಕ್ಕ ಕೂತು ಚಿತ್ರಾನ್ನದ ಡಬ್ಬಿ ತೆಗೆದಳು. ಭಾವ ಒದ್ದೆ ಜಾಕೆಟ್ಟನ್ನು ತೊಡೆಯ ಮೇಲೆ ಹರಡಿಕೊಂಡರು. ನಾನು ಅಕ್ಕನಿಗೆ ಬಾಗಿಲಿನ ಮಾತು ಹೇಳಿದೆ, ರಾತ್ರಿ ನಿದ್ದೆ ಬಾರದ್ದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಬಾಗಿಲ ಮೇಲೆ ನಾವೆಲ್ಲ ಎತ್ತರ ಗುರುತು ಹಾಕ್ತಿದ್ವಲ್ಲ, ಚಾಕುವಿನಿಂದ ಗೀರು ಹಾಕಿ, ಅದು ಇದ್ಯಾ?” ಎಂದಳು.

ಇದೆ ಎಂದೆ. ಮೇಜಿನ ಎಡದ ಅಂಚಿನಲ್ಲಿ, ಗಾಜಿನ ಕೆಳಗೆ, ಐದು ಗೀರುಗಳು.

“ಬೆಂಗಳೂರಿಗೆ ಬಂದಾಗ ಗಾಜು ತೆಗೆಸು, ಮುಟ್ಟಿ ನೋಡಬೇಕು” ಎಂದು ಹೇಳಿ, ಡಬ್ಬಿಯ ಮುಚ್ಚಳದಲ್ಲಿ ನನಗೆ ಬಡಿಸಿದಳು. ಹೊರಗೆ ಮಳೆ ಹಿಡಿದೇ ಇತ್ತು.